ಮಾಲ್ಟಾದಲ್ಲಿ 249ನೇ ಸ್ಕ್ವಾಡ್ರನ್: ಸ್ಪಿಟ್‌ಫೈರ್‌ಗಳು ಗೆದ್ದದ್ದು ಆಕಾಶದಲ್ಲೋ, ನೆಲದ ಮೇಲೋ?

ವಿಮಾನಾಸಕ್ತ (ಚರ್ಚೆ ಆರಂಭಿಸಿದವರು)

ಎರಡನೇ ಮಹಾಯುದ್ಧದ ವಾಯುಸಮರದ ಮಾತು ಬಂದಾಗಲೆಲ್ಲ ನಮ್ಮ ಬಳಗದ ಚರ್ಚೆ ಯಾವ ವಿಮಾನ ಎಷ್ಟು ವೇಗವಾಗಿ ಹಾರುತ್ತಿತ್ತು, ಯಾವ ಪೈಲಟ್ ಎಷ್ಟು ವಿಮಾನಗಳನ್ನು ಉರುಳಿಸಿದ ಎಂಬಲ್ಲಿಗೆ ಬಂದು ನಿಂತುಬಿಡುತ್ತದೆ. ಬ್ರಿಟಿಷ್ ವಾಯುಪಡೆಯ 249ನೇ ಸ್ಕ್ವಾಡ್ರನ್ (ಯುದ್ಧವಿಮಾನಗಳ ದಳ) ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿ ಕಳೆದ ದಿನಗಳನ್ನು ಓದುತ್ತ ಹೋದಂತೆ, ಅಲ್ಲಿಯ ಸೋಲು ಗೆಲುವುಗಳನ್ನು ತೀರ್ಮಾನಿಸಿದ್ದು ಹೆಚ್ಚಾಗಿ ವಿಮಾನ ಇಳಿದ ಮೇಲಿನ ಕೆಲವು ನಿಮಿಷಗಳು ಎಂಬ ಅಭಿಪ್ರಾಯಕ್ಕೆ ನಾನು ಬಂದಿದ್ದೇನೆ. ಅದನ್ನು ಇಲ್ಲಿ ಮುಂದಿಡುತ್ತಿದ್ದೇನೆ. ಒಪ್ಪದವರು ಧಾರಾಳವಾಗಿ ಎದುರಾಡಬಹುದು.

ಈ ಸ್ಕ್ವಾಡ್ರನ್ ಬ್ರಿಟನ್ನಿನ ಮೇಲಿನ ವಾಯುಸಮರದಲ್ಲಿ ಹೆಸರು ಮಾಡಿತ್ತು. ಇಡೀ ಯುದ್ಧದಲ್ಲಿ ಬ್ರಿಟನ್ನಿನ ಫೈಟರ್ ಕಮಾಂಡ್‌ಗೆ ದೊರೆತ ಏಕೈಕ ವಿಕ್ಟೋರಿಯಾ ಕ್ರಾಸ್ ಎಂಬ ಅತ್ಯುನ್ನತ ಶೌರ್ಯಪದಕ ಪಡೆದ ಜೇಮ್ಸ್ ನಿಕೋಲ್ಸನ್ ಈ ದಳದವರೇ. 1941ರ ಮೇ 21ರಂದು ಇದರ ಪೈಲಟ್‌ಗಳು ಆರ್ಕ್ ರಾಯಲ್ ಎಂಬ ವಿಮಾನವಾಹಕ ನೌಕೆಯಿಂದ ಹರಿಕೇನ್ ವಿಮಾನಗಳಲ್ಲಿ ಹಾರಿ ಮಾಲ್ಟಾ ತಲುಪಿದರು. ಅಲ್ಲಿ ಇಂಧನ ತುಂಬಿಸಿಕೊಂಡು ಈಜಿಪ್ಟ್‌ಗೆ ಮುಂದುವರಿಯುತ್ತೇವೆ ಎಂದೇ ಅವರು ನಂಬಿದ್ದರು. ಆದರೆ ಅವರನ್ನು ಮಾಲ್ಟಾದ ಟಕಾಲಿ ವಿಮಾನ ನಿಲ್ದಾಣದಲ್ಲೇ ಉಳಿಸಿಕೊಳ್ಳಲಾಯಿತು. ಸವೆದುಹೋದ ಯಂತ್ರಗಳನ್ನಿಟ್ಟುಕೊಂಡು, ಜೊತೆಗಿದ್ದ ನೆಲಸಿಬ್ಬಂದಿಯನ್ನು ಹಿಂದೆ ಬಿಟ್ಟು ಬಂದ ಒಂದು ದಳ ಹೀಗೆ ಮಾಲ್ಟಾದ ಬದುಕಿಗೆ ಹೊಂದಿಕೊಳ್ಳಬೇಕಾಯಿತು.

ಮಾಲ್ಟಾದ ಮುಖ್ಯ ದ್ವೀಪದ ವಿಸ್ತೀರ್ಣ ಸುಮಾರು 246 ಚದರ ಕಿಲೋಮೀಟರ್. ಶತ್ರುಪಕ್ಷದ ಇಟಲಿಗೆ ಸೇರಿದ ಸಿಸಿಲಿಯ ದಂಡೆ ಅಲ್ಲಿಂದ ಸುಮಾರು 90 ಕಿಲೋಮೀಟರ್ ದೂರದಲ್ಲಿದೆ. ಅಂದರೆ ಶತ್ರುವಿಮಾನಕ್ಕೆ ಅದು ಕೆಲವೇ ನಿಮಿಷಗಳ ಹಾದಿ. ಉತ್ತರ ಆಫ್ರಿಕಾದಲ್ಲಿದ್ದ ಜರ್ಮನ್ ಸೇನಾಪತಿ ರೊಮ್ಮೆಲ್‌ನ ಸೇನೆಗೆ ಸಾಮಾನು ಒಯ್ಯುವ ಹಡಗುಗಳನ್ನು ಮಾಲ್ಟಾದ ಜಲಾಂತರ್ಗಾಮಿಗಳೂ ವಿಮಾನಗಳೂ ಮುಳುಗಿಸುತ್ತಿದ್ದುದರಿಂದ, 1941ರ ಕೊನೆಯ ಹೊತ್ತಿಗೆ ಜರ್ಮನಿ ಕೆಸೆಲ್‌ರಿಂಗ್‌ನ ನೇತೃತ್ವದಲ್ಲಿ ದೊಡ್ಡ ವಾಯುಬಲವನ್ನು ಸಿಸಿಲಿಗೆ ಕಳುಹಿಸಿತು. ಹರಿಕೇನ್‌ಗಳು ಹೊಸ ಮೆಸ್ಸರ್‌ಶ್ಮಿಟ್ 109ಎಫ್ ವಿಮಾನಗಳಿಗೆ ಸಾಟಿಯಾಗಲಿಲ್ಲ. 1942ರ ಮಾರ್ಚ್ 7ರಂದು ಈಗಲ್ ನೌಕೆಯಿಂದ ಮೊದಲ 15 ಸ್ಪಿಟ್‌ಫೈರ್‌ಗಳು ಬಂದಾಗ ಅವು 249ರ ಕೈಸೇರಿದವು. ಅಷ್ಟರಲ್ಲಿ ಕೆನಡಾದಲ್ಲಿ ಬೆಳೆದ ಸ್ಟ್ಯಾನ್ ಟರ್ನರ್ ದಳದ ನಾಯಕನಾಗಿ ಬಂದು, ಮೂರು ವಿಮಾನಗಳು ಒತ್ತಾಗಿ ಹಾರುವ ಹಳೆಯ ಪದ್ಧತಿಯನ್ನು ಕೈಬಿಟ್ಟು, ನಾಲ್ಕು ವಿಮಾನಗಳು ಅಗಲವಾಗಿ ಸಾಲುಗಟ್ಟಿ ಪರಸ್ಪರರ ಬೆನ್ನು ಕಾಯುವ ಕ್ರಮವನ್ನು ರೂಢಿಸಿದ್ದರು. ಒಳ್ಳೆಯ ವಿಮಾನವೂ ಒಳ್ಳೆಯ ಕ್ರಮವೂ ಇದ್ದವು, ಆದರೂ ಸಾಕಾಗಲಿಲ್ಲ. ಮಾರ್ಚ್ 20 ಮತ್ತು 21ರಂದು ಟಕಾಲಿಯ ಮೇಲೆ ಭೀಕರ ಬಾಂಬ್ ದಾಳಿ ನಡೆಯಿತು. ಪಕ್ಕದ ರಬಾತ್ ಊರಿನಲ್ಲಿ ಅಧಿಕಾರಿಗಳು ತಂಗಿದ್ದ ಪಾಯಿಂಟ್ ದ ವ್ಯೂ ಹೋಟೆಲಿನ ಮೇಲೂ ಬಾಂಬ್ ಬಿದ್ದು ಹಲವು ಪೈಲಟ್‌ಗಳು ಸತ್ತರು.

ಈಗ ನನ್ನ ವಾದದ ತಿರುಳಿಗೆ ಬರುತ್ತೇನೆ. ಏಪ್ರಿಲ್ 20ರಂದು ಅಮೆರಿಕದ ವಾಸ್ಪ್ ನೌಕೆಯಿಂದ 47 ಸ್ಪಿಟ್‌ಫೈರ್‌ಗಳು ಹೊರಟು 46 ಮಾಲ್ಟಾ ತಲುಪಿದವು. ಅವು ಇಳಿಯುವುದನ್ನೇ ಜರ್ಮನರು ರಾಡಾರ್‌ನಲ್ಲಿ ಕಾದು ನೋಡುತ್ತಿದ್ದರು. ಬಂದ ವಿಮಾನಗಳ ಬಂದೂಕುಗಳು ಶುಚಿಯಾಗಿರಲಿಲ್ಲ, ಹಲವು ರೇಡಿಯೋಗಳು ಕೆಟ್ಟಿದ್ದವು, ಇಂಧನ ತುಂಬಿಸಿ ಗುಂಡು ಹಾಕಿ ಮತ್ತೆ ಮೇಲೇರಿಸುವ ಏರ್ಪಾಡು ನಿಧಾನವಾಗಿತ್ತು. ಕೆಲವೇ ಗಂಟೆಗಳಲ್ಲಿ ಬಾಂಬುಗಳು ಬಿದ್ದವು. ಮೂರು ದಿನ ಕಳೆಯುವಷ್ಟರಲ್ಲಿ ಬಹುಪಾಲು ವಿಮಾನಗಳು ನಾಶವಾಗಿದ್ದವು ಇಲ್ಲವೇ ಹಾರಲಾಗದ ಸ್ಥಿತಿಯಲ್ಲಿದ್ದವು. ಮೇ 9ರಂದು ವಾಸ್ಪ್ ಮತ್ತು ಈಗಲ್ ಎರಡೂ ಸೇರಿ 64 ವಿಮಾನಗಳನ್ನು ಕಳುಹಿಸಿದವು. ಸುಮಾರು 60 ತಲುಪಿದವು. ಈ ಬಾರಿ ಪ್ರತಿ ವಿಮಾನಕ್ಕೂ ಒಂದು ಸಂಖ್ಯೆ, ಬಾಂಬಿನ ಚೂರುಗಳಿಂದ ಕಾಯುವ ಒಂದು ಮರೆಗೋಡೆ, ಒಂದು ತಂಡ ಮೊದಲೇ ಗೊತ್ತಾಗಿತ್ತು. ಇಳಿದ ವಿಮಾನವನ್ನು ಒಬ್ಬ ಸೈನಿಕ ನೇರವಾಗಿ ಅದರ ಮರೆಗೋಡೆಗೆ ಕರೆದೊಯ್ಯುತ್ತಿದ್ದ. ಅಲ್ಲಿ ಇಂಧನದ ಡಬ್ಬಗಳೂ ಗುಂಡಿನ ಪಟ್ಟಿಗಳೂ ಕಾದಿರುತ್ತಿದ್ದವು. ಕಡಲು ದಾಟಿ ಬಂದ ಪೈಲಟ್ ಇಳಿಯುತ್ತಲೇ ಮಾಲ್ಟಾದ ಆಕಾಶ ಬಲ್ಲ ಹಳೆಯ ಪೈಲಟ್ ಅದೇ ಆಸನಕ್ಕೆ ಏರುತ್ತಿದ್ದ. ಕೆಲವು ವಿಮಾನಗಳು ಹತ್ತು ನಿಮಿಷದೊಳಗೇ ಮತ್ತೆ ಆಕಾಶದಲ್ಲಿದ್ದವು. ಶತ್ರು ಬರುವಷ್ಟರಲ್ಲಿ ನೆಲದ ಮೇಲೆ ಹೊಡೆಯಲು ಅವನಿಗೆ ಹೆಚ್ಚೇನೂ ಸಿಗಲಿಲ್ಲ.

ವಿಮಾನ ಅದೇ, ದ್ವೀಪ ಅದೇ, ನಡುವಿನ ಅಂತರ ಮೂರು ವಾರಕ್ಕೂ ಕಡಿಮೆ. ಫಲಿತಾಂಶ ಮಾತ್ರ ತಲೆಕೆಳಗಾಯಿತು. ತಾವೆಲ್ಲ ಇದಕ್ಕೆ ಏನೆನ್ನುತ್ತೀರಿ?

ಹಳೇ ಫಿಟ್ಟರ್

ವಿಮಾನಾಸಕ್ತರೇ, ವಿಮಾನದ ಕೆಳಗೆ ಮಲಗಿ ಎಣ್ಣೆ ಕೈಯಲ್ಲಿ ಜೀವನ ಕಳೆದವನು ನಾನು. ಹೀಗಾಗಿ ತಮ್ಮ ಬರಹ ಓದಿ ಸಂತೋಷಪಟ್ಟೆ. ತಾವು ಒಂದು ಸಾಲಿನಲ್ಲಿ ದಾಟಿಸಿದ ಕೆಲಸವನ್ನು ಸ್ವಲ್ಪ ಹತ್ತಿರದಿಂದ ತೋರಿಸಲು ಅಪ್ಪಣೆ ಕೊಡಿ.

ಸ್ಪಿಟ್‌ಫೈರ್‌ನ ಮುಖ್ಯ ಟ್ಯಾಂಕುಗಳಲ್ಲಿ 85 ಗ್ಯಾಲನ್ ಇಂಧನ ಹಿಡಿಯುತ್ತಿತ್ತು. ಮಾಲ್ಟಾದಲ್ಲಿ ಇಂಧನದ ಲಾರಿಗಳು ಸಾಲದಾಗಿದ್ದವು. ಇದ್ದವೂ ಬಾಂಬಿಗೆ ಸುಲಭದ ಗುರಿಗಳು. ಹೀಗಾಗಿ ನಾಲ್ಕು ಗ್ಯಾಲನ್‌ನ ತೆಳು ತಗಡಿನ ಡಬ್ಬಗಳಿಂದ ಕೈಯಾರೆ ಸುರಿಯಬೇಕಿತ್ತು. ಲೆಕ್ಕ ಹಾಕಿ ನೋಡಿ: ಖಾಲಿಯಾಗಿ ಇಳಿದ ಒಂದು ವಿಮಾನಕ್ಕೆ ಇಪ್ಪತ್ತೊಂದು ಡಬ್ಬಗಳನ್ನು ಒಂದೊಂದಾಗಿ ವಿಮಾನದ ಮೂಗಿನ ಎತ್ತರಕ್ಕೆ ಎತ್ತಿಕೊಡಬೇಕು. ಅದೇ ಹೊತ್ತಿಗೆ ಇನ್ನಿಬ್ಬರು ರೆಕ್ಕೆಯ ಮುಚ್ಚಳಗಳನ್ನು ಬಿಚ್ಚಿ ಗುಂಡಿನ ಪಟ್ಟಿ ಕೂರಿಸುತ್ತಿರಬೇಕು, ಮತ್ತೊಬ್ಬ ಆಮ್ಲಜನಕದ ಸಿಲಿಂಡರ್ ನೋಡುತ್ತಿರಬೇಕು. ಇದನ್ನು ಹತ್ತು ನಿಮಿಷದಲ್ಲಿ ಮುಗಿಸುವುದಕ್ಕೆ ತಾಲೀಮು ಬೇಕು. ವಾಯುಪಡೆಯ ಕೆಲಸಗಾರರು ಸಾಲದ್ದರಿಂದ ಕಾಲ್ದಳದ ಸೈನಿಕರನ್ನೇ ಈ ತಾಲೀಮಿಗೆ ಹಚ್ಚಿದ್ದರು.

ಖಾಲಿ ಡಬ್ಬಗಳ ಕಥೆಯೂ ಅಷ್ಟೇ ಸ್ವಾರಸ್ಯದ್ದು. ಅವುಗಳಲ್ಲಿ ಮಣ್ಣು ಕಲ್ಲು ತುಂಬಿ, ಇಟ್ಟಿಗೆಯಂತೆ ಒಂದರ ಮೇಲೊಂದು ಪೇರಿಸಿ, ವಿಮಾನದ ಮೂರು ಬದಿಗೆ ಗೋಡೆ ಎಬ್ಬಿಸುತ್ತಿದ್ದರು. ಬಾಂಬಿಗೆ ಉರುಳಿದ ಮನೆಗಳ ಸುಣ್ಣಕಲ್ಲೂ ಇದೇ ಕೆಲಸಕ್ಕೆ ಬಂತು. ಮೇಲೆ ಸೂರಿಲ್ಲ, ನೇರವಾಗಿ ಒಳಗೇ ಬಿದ್ದ ಬಾಂಬಿಗೆ ರಕ್ಷಣೆಯಿಲ್ಲ. ಪಕ್ಕದಲ್ಲಿ ಬಿದ್ದ ಬಾಂಬಿನ ಚೂರುಗಳನ್ನು ಮಾತ್ರ ಈ ಗೋಡೆ ತಡೆಯುತ್ತದೆ. ಆದರೆ ನಿಂತ ವಿಮಾನಗಳನ್ನು ಹೆಚ್ಚಾಗಿ ಹಾಳು ಮಾಡುತ್ತಿದ್ದದ್ದು ಆ ಚೂರುಗಳೇ.

ಹಡಗಿನ ಮೇಲಿನ ಒಂದು ಉಪಾಯವನ್ನೂ ಸೇರಿಸುತ್ತೇನೆ. ಸ್ಪಿಟ್‌ಫೈರ್‌ನ ಫ್ಲಾಪ್‌ಗಳಿಗೆ, ಅಂದರೆ ರೆಕ್ಕೆಯ ಹಿಂಬದಿಯ ಮಡಚುಪಟ್ಟಿಗಳಿಗೆ, ಎರಡೇ ಸ್ಥಿತಿ: ಪೂರ್ತಿ ಮೇಲೆ ಅಥವಾ ಪೂರ್ತಿ ಕೆಳಗೆ. ಚಿಕ್ಕ ಡೆಕ್ಕಿನಿಂದ ಭಾರದ ಹೆಚ್ಚುವರಿ ಟ್ಯಾಂಕ್ ಹೊತ್ತು ಏರಲು ನಡುವಿನ ಸ್ಥಿತಿ ಬೇಕಿತ್ತು. ಆಗ ಮಾಡಿದ್ದೇನೆಂದರೆ, ಫ್ಲಾಪ್ ಇಳಿಸಿ, ಸಂದಿಯಲ್ಲಿ ಮರದ ಬೆಣೆಗಳನ್ನಿಟ್ಟು, ಮತ್ತೆ ಏರಿಸುವುದು. ಫ್ಲಾಪ್ ಬೆಣೆಯನ್ನು ಕಚ್ಚಿಕೊಂಡು ಅರ್ಧಕ್ಕೇ ನಿಲ್ಲುತ್ತಿತ್ತು. ಹಾರಿ ಸ್ವಲ್ಪ ಎತ್ತರ ಸಿಕ್ಕ ಮೇಲೆ ಪೈಲಟ್ ಫ್ಲಾಪ್ ಪೂರ್ತಿ ಇಳಿಸಿದರೆ ಬೆಣೆಗಳು ಸಮುದ್ರಕ್ಕೆ ಬೀಳುತ್ತಿದ್ದವು. ಇಂಥ ಬಡಗಿ ಬುದ್ಧಿಯಿಂದ ಒಂದು ದ್ವೀಪ ಉಳಿಯಿತು ಎಂದರೆ ನಮ್ಮ ಕಸುಬಿನವರಿಗೆ ಆಶ್ಚರ್ಯವೇನೂ ಆಗುವುದಿಲ್ಲ.

ಇತಿಹಾಸ ಓದುಗ

ಇಬ್ಬರ ಬರಹಗಳನ್ನೂ ಆಸಕ್ತಿಯಿಂದ ಓದಿದೆ. ಆದರೆ ಮೂಲ ವಾದಕ್ಕೆ ನನ್ನ ತಕರಾರಿದೆ.

ಏಪ್ರಿಲ್ 20 ಮತ್ತು ಮೇ 9ರ ನಡುವೆ ಬದಲಾದದ್ದು ಟಕಾಲಿಯ ಏರ್ಪಾಡು ಮಾತ್ರವಲ್ಲ. ಸಿಸಿಲಿಯಲ್ಲೂ ದೊಡ್ಡ ಬದಲಾವಣೆಯಾಗಿತ್ತು. ಏಪ್ರಿಲ್ ಒಂದೇ ತಿಂಗಳಲ್ಲಿ ಮಾಲ್ಟಾದ ಮೇಲೆ 6,700 ಟನ್ನಿನಷ್ಟು ಬಾಂಬ್ ಬಿದ್ದಿತ್ತು. ತಿಂಗಳ ಕೊನೆಯಲ್ಲಿ ಕೆಲಸ ಮುಗಿಯಿತೆಂದು ಭಾವಿಸಿದ ಜರ್ಮನರು ತಮ್ಮ ವಿಮಾನಗಳಲ್ಲಿ ಗಣನೀಯ ಭಾಗವನ್ನು ರಷ್ಯಾ ಮತ್ತು ಆಫ್ರಿಕಾದ ರಣರಂಗಗಳಿಗೆ ತೆಗೆದುಕೊಂಡು ಹೋಗತೊಡಗಿದ್ದರು. ಮಾಲ್ಟಾವನ್ನು ನಿಷ್ಕ್ರಿಯಗೊಳಿಸಲಾಗಿದೆ ಎಂದು ಕೆಸೆಲ್‌ರಿಂಗ್ ವರದಿ ಕಳುಹಿಸಿದ್ದು ಮೇ 10ರಂದು. ಎಂದರೆ, ಎರಡನೆಯ ಬಾರಿ ಬಂದ ಸ್ಪಿಟ್‌ಫೈರ್‌ಗಳು ಎದುರಿಸಿದ ಶತ್ರು ಮೊದಲ ಬಾರಿಯ ಶತ್ರುವಿನಷ್ಟು ಬಲಶಾಲಿಯಾಗಿರಲಿಲ್ಲ. ನೆಲಸಿಬ್ಬಂದಿಯ ಶ್ರಮವನ್ನು ನಾನು ಕಡೆಗಣಿಸುತ್ತಿಲ್ಲ. ಆದರೆ ಎದುರಾಳಿ ಮೈಮರೆತದ್ದನ್ನು ನಮ್ಮವರ ಜಾಣ್ಮೆಯ ಖಾತೆಗೆ ಹಾಕುವುದು ಇತಿಹಾಸ ಬರೆಯುವವರ ಹಳೆಯ ಚಾಳಿ.

ಇನ್ನೊಂದು ವಿಷಯ. ದ್ವೀಪವನ್ನು ಸಮುದ್ರ ಮತ್ತು ಆಕಾಶದ ಮೂಲಕ ಆಕ್ರಮಿಸುವ ಹರ್ಕ್ಯುಲಸ್ ಎಂಬ ಯೋಜನೆ ಇಟಲಿ ಮತ್ತು ಜರ್ಮನಿಯ ಬಳಿ ಸಿದ್ಧವಾಗುತ್ತಿತ್ತು. ಅದನ್ನು ಮುಂದೂಡಿ ರೊಮ್ಮೆಲ್‌ಗೆ ಈಜಿಪ್ಟಿನತ್ತ ನುಗ್ಗಲು ಬಿಟ್ಟ ತೀರ್ಮಾನವೇ ಮಾಲ್ಟಾವನ್ನು ಉಳಿಸಿತು ಎಂದು ವಾದಿಸಲು ಸಾಕಷ್ಟು ಅವಕಾಶವಿದೆ. ಆ ತೀರ್ಮಾನ ಟಕಾಲಿಯ ಮರೆಗೋಡೆಗಳ ಹಿಂದೆ ಆದದ್ದಲ್ಲ.

ವಿಮಾನಾಸಕ್ತ

ಇತಿಹಾಸ ಓದುಗರೇ, ಜರ್ಮನ್ ಬಲ ಕುಗ್ಗಿದ್ದು ನಿಜ; ಹರ್ಕ್ಯುಲಸ್ ಯೋಜನೆ ಕೈಬಿಟ್ಟದ್ದರ ತೂಕವನ್ನೂ ನಾನು ಅಲ್ಲಗಳೆಯುವುದಿಲ್ಲ. ದ್ವೀಪ ಉಳಿದದ್ದಕ್ಕೆ ಕಾರಣಗಳು ಹಲವು. ನನ್ನ ಪ್ರಶ್ನೆ ಅದಕ್ಕಿಂತ ಕಿರಿದು: ಬಂದಿಳಿದ ವಿಮಾನ ಮತ್ತೆ ಹಾರುವವರೆಗೆ ಬದುಕಿ ಉಳಿದದ್ದು ಹೇಗೆ?

ಮೇ 9 ಮತ್ತು 10ರಂದು ಸಿಸಿಲಿಯಲ್ಲಿ ಉಳಿದಿದ್ದ ಜಂಕರ್ಸ್ 88 ಮತ್ತು ಸ್ಟೂಕಾ ಬಾಂಬರ್ ವಿಮಾನಗಳು ಇಳಿದುನಿಂತ ಅರವತ್ತು ಸ್ಪಿಟ್‌ಫೈರ್‌ಗಳನ್ನು ಸುಡಲು ಧಾರಾಳವಾಗಿ ಸಾಕಾಗಿದ್ದವು. ಅವು ಬಂದದ್ದೂ ಹೌದು. ಮೇ 10ರ ಬೆಳಿಗ್ಗೆ ವೆಲ್ಷ್‌ಮನ್ ಎಂಬ ವೇಗದ ಹಡಗು ಫ್ರೆಂಚ್ ಯುದ್ಧನೌಕೆಯ ವೇಷ ಹಾಕಿಕೊಂಡು ಮದ್ದುಗುಂಡು, ಆಹಾರ, ಹೊಗೆ ಎಬ್ಬಿಸುವ ಡಬ್ಬಗಳು ಮತ್ತು ವಾಯುಪಡೆಯ ಕೆಲಸಗಾರರನ್ನು ಹೊತ್ತು ಮಾಲ್ಟಾದ ಬಂದರು ಗ್ರ್ಯಾಂಡ್ ಹಾರ್ಬರ್‌ಗೆ ಬಂತು. ಅದನ್ನು ಮುಳುಗಿಸಲು ಅಲೆಯ ಮೇಲೆ ಅಲೆಯಾಗಿ ದಾಳಿಗಳಾದವು. ಏಪ್ರಿಲ್‌ನಲ್ಲಿ ದಿನಕ್ಕೆ ಒಂದು ತೋಪಿಗೆ 15 ಗುಂಡುಗಳೆಂದು ಮಿತಿ ಹಾಕಿಸಿಕೊಂಡಿದ್ದ ವಿಮಾನವಿರೋಧಿ ತೋಪುಗಳಿಗೆ ಅಂದು ಮಿತಿ ಸಡಿಲಿಸಲಾಯಿತು. ಬಂದರಿನ ಮೇಲೆ ಹೊಗೆಯ ಪರದೆ ಹಾಸಲಾಯಿತು. ಅದರ ಮೇಲೆ ಸ್ಪಿಟ್‌ಫೈರ್‌ಗಳು ಕಾದುಕುಳಿತಿದ್ದವು. ಹಡಗು ಖಾಲಿಯಾಗಿ ಆ ರಾತ್ರಿಯೇ ಹಿಂದಿರುಗಿತು. ಏಪ್ರಿಲ್ 20ರ ಏರ್ಪಾಡೇ ಮೇ ತಿಂಗಳಲ್ಲೂ ಇದ್ದಿದ್ದರೆ, ಕಡಿಮೆಯಾದ ಆ ಶತ್ರುಬಲವೂ ಅದೇ ಹಾನಿಯನ್ನು ಮಾಡುತ್ತಿತ್ತು ಎಂಬುದು ನನ್ನ ನಿಲುವು. ಇದರಲ್ಲಿ ನಾವಿಬ್ಬರೂ ಒಮ್ಮತಕ್ಕೆ ಬರದಿದ್ದರೂ ಪರವಾಗಿಲ್ಲ.

ಹೊಸ ಸದಸ್ಯ

ಹಿರಿಯರ ಚರ್ಚೆಯ ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮೆಯಿರಲಿ. 249 ಎಂದೊಡನೆ ನನಗೆ ನೆನಪಾಗುವುದು ಕೆನಡಾದ ಜಾರ್ಜ್ ಬರ್ಲಿಂಗ್. ಮಾಲ್ಟಾದಲ್ಲಿ ಒಬ್ಬನೇ 27 ವಿಮಾನಗಳನ್ನು ಉರುಳಿಸಿದ ಆ ಪೈಲಟ್‌ನ ಹೆಸರು ಇಷ್ಟು ಹೊತ್ತಾದರೂ ಇಲ್ಲಿ ಬಂದಿಲ್ಲವಲ್ಲ?

ಕಡಲಾಚೆಯವ

ಬರ್ಲಿಂಗ್‌ನ ಮಾತನ್ನು ನಾನು ಹೇಳುತ್ತೇನೆ. ಆತ 1942ರ ಜೂನ್‌ನಲ್ಲಿ ಈಗಲ್ ನೌಕೆಯಿಂದ ಹಾರಿ ಮಾಲ್ಟಾಕ್ಕೆ ಬಂದು 249ನ್ನು ಸೇರಿದ. ಅಕ್ಟೋಬರ್ 14ರಂದು ಗಾಯಗೊಂಡು ಸಮುದ್ರಕ್ಕೆ ಬೀಳುವವರೆಗೆ ಅಲ್ಲಿದ್ದ. ಅವನ ವಿಶೇಷವೆಂದರೆ ಅಡ್ಡ ಹಾಯುವ ಗುರಿಗೆ ಗುಂಡು ಹಾರಿಸುವಲ್ಲಿಯ ಅಸಾಧಾರಣ ಅಂದಾಜು. ಶತ್ರು ಈಗ ಇರುವ ಜಾಗಕ್ಕಲ್ಲದೆ, ಗುಂಡು ತಲುಪುವ ಹೊತ್ತಿಗೆ ಇರಬಹುದಾದ ಜಾಗಕ್ಕೆ ಹೊಡೆಯುವ ಆ ಲೆಕ್ಕವನ್ನು ಆತ ಕುಳಿತಲ್ಲಿ ನಿಂತಲ್ಲಿ ಅಭ್ಯಾಸ ಮಾಡುತ್ತಿದ್ದ. ಬಂಡೆಗಳ ಮೇಲೆ ಓಡಾಡುವ ಹಲ್ಲಿಗಳಿಗೆ ಪಿಸ್ತೂಲಿನಿಂದ ಗುರಿಯಿಡುತ್ತಿದ್ದ ಕಥೆ ಪ್ರಸಿದ್ಧವಾಗಿದೆ. ಹಿಂದಿರುಗುವಾಗ ಅವನಿದ್ದ ಲಿಬರೇಟರ್ ವಿಮಾನ ಜಿಬ್ರಾಲ್ಟರ್‌ನಲ್ಲಿ ಅಪಘಾತಕ್ಕೀಡಾಯಿತು, ಆತ ಬದುಕಿಕೊಂಡ. 1948ರಲ್ಲಿ ರೋಮ್‌ನಲ್ಲಿ ನಡೆದ ಇನ್ನೊಂದು ವಿಮಾನ ಅಪಘಾತದಲ್ಲಿ ತೀರಿಕೊಂಡ.

ಆದರೆ ಬರ್ಲಿಂಗ್‌ನ ಲೆಕ್ಕವೇ ಮೂಲ ಬರಹದ ವಾದಕ್ಕೆ ಪುಷ್ಟಿ ಕೊಡುತ್ತದೆ ಎಂದು ನನಗನ್ನಿಸುತ್ತದೆ. ಮಾರ್ಚ್, ಏಪ್ರಿಲ್‌ಗಳಲ್ಲಿ 249ರಲ್ಲಿದ್ದ ಪೈಲಟ್‌ಗಳೇನೂ ಸಾಮಾನ್ಯರಲ್ಲ. ಅವರಿಗೆ ಹಾರಲು ವಿಮಾನಗಳೇ ಇರುತ್ತಿರಲಿಲ್ಲ. ಎಷ್ಟೋ ದಿನ ಇಡೀ ದ್ವೀಪದಲ್ಲಿ ಬೆರಳೆಣಿಕೆಯ ಫೈಟರ್‌ಗಳು ಮಾತ್ರ ಹಾರುವ ಸ್ಥಿತಿಯಲ್ಲಿದ್ದವು. ಪೈಲಟ್‌ಗಳು ಮ್ದೀನಾ ಪಟ್ಟಣದ ಕ್ಸಾರಾ ಅರಮನೆಯ ಮಾಳಿಗೆಯಲ್ಲಿ ನಿಂತು, ಕೆಳಗಿನ ಬಯಲಿನಲ್ಲಿ ತಮ್ಮದೇ ನಿಲ್ದಾಣದ ಮೇಲೆ ಬಾಂಬ್ ಬೀಳುವುದನ್ನು ನೋಡಬೇಕಾಗಿತ್ತು. ಬರ್ಲಿಂಗ್ ಬಂದದ್ದು ವಿಮಾನಗಳು ಉಳಿಯತೊಡಗಿದ ಮೇಲೆ.

ಜುಲೈನಲ್ಲಿ ವಾಯುಪಡೆಯ ಅಧಿಕಾರ ಹ್ಯೂ ಲಾಯ್ಡ್ ಅವರಿಂದ ಕೀತ್ ಪಾರ್ಕ್ ಅವರಿಗೆ ಹೋಯಿತು. ಅದುವರೆಗೆ ಸ್ಪಿಟ್‌ಫೈರ್‌ಗಳು ಮೊದಲು ದಕ್ಷಿಣಕ್ಕೆ ಹೋಗಿ ಎತ್ತರ ಗಳಿಸಿ, ಬಳಿಕ ದ್ವೀಪದ ಮೇಲೆಯೇ ಕಾದಾಡುತ್ತಿದ್ದವು. ಪಾರ್ಕ್ ಅವರು ಎರಡು ಮೂರು ನಿಮಿಷದೊಳಗೆ ವಿಮಾನ ಏರಬೇಕೆಂದು ಕಟ್ಟುನಿಟ್ಟು ಮಾಡಿ, ಶತ್ರುವನ್ನು ಉತ್ತರದ ಸಮುದ್ರದ ಮೇಲೆಯೇ ಎದುರಿಸುವ ಕ್ರಮ ತಂದರು. ಇದಕ್ಕೂ ಸಾಕಷ್ಟು ವಿಮಾನಗಳು ಸಿದ್ಧವಾಗಿ ನಿಂತಿರಬೇಕಿತ್ತು ಎಂಬುದನ್ನು ಮರೆಯಬಾರದು. ಲಾಯ್ಡ್ ಅವರ ಕೈಯಲ್ಲಿ ಏಪ್ರಿಲ್‌ನಲ್ಲಿ ಅವು ಇರಲಿಲ್ಲ. ಲಾಯ್ಡ್ ಅವರನ್ನು ಪಾರ್ಕ್ ಅವರ ಜೊತೆ ಹೋಲಿಸಿ ಹಳಿಯುವವರ ಬಗ್ಗೆ ನನಗೆ ಅಸಮಾಧಾನವಿದೆ.

ಕೃಷ್ಣಾತೀರ

ನೆಲದ ಮೇಲಿನ ಕೆಲಸದ ಮಾತು ಇಷ್ಟಾಯಿತು; ಆ ನೆಲದವರ ಮಾತು ಯಾರೂ ಎತ್ತಲಿಲ್ಲ. ಸುಮಾರು 2,70,000 ಮಾಲ್ಟಾ ನಿವಾಸಿಗಳು ಆ ದ್ವೀಪದಲ್ಲಿದ್ದರು. ಅವರಲ್ಲಿ ಸುಮಾರು 1,500 ಮಂದಿ ಬಾಂಬ್ ದಾಳಿಗಳಲ್ಲಿ ಸತ್ತರು. ಉಳಿದವರು ಮೆದುವಾದ ಸುಣ್ಣಕಲ್ಲನ್ನು ಕೊರೆದು ಮಾಡಿದ ನೆಲಮಾಳಿಗೆಗಳಲ್ಲಿ ರಾತ್ರಿಗಳನ್ನು ಕಳೆದರು. ತೇವ, ಕಜ್ಜಿ, ಭೇದಿ ಅವರ ನಿತ್ಯದ ಸಂಗಾತಿಗಳಾಗಿದ್ದವು. ಉರುವಲು ಮತ್ತು ಸೀಮೆಎಣ್ಣೆ ಮುಗಿಯುತ್ತ ಬಂದದ್ದರಿಂದ ಮನೆಯಲ್ಲಿ ಒಲೆ ಉರಿಸುವುದು ಕಷ್ಟವಾಗಿ, ಸರ್ಕಾರ ವಿಕ್ಟರಿ ಕಿಚನ್ ಎಂಬ ಸಾಮೂಹಿಕ ಅಡುಗೆಮನೆಗಳನ್ನು ತೆರೆಯಿತು. ಅಲ್ಲಿಯ ನೀರು ಸಾರಿಗೆ ಜನ ಪಾತ್ರೆ ಹಿಡಿದು ಸಾಲು ನಿಲ್ಲುತ್ತಿದ್ದರು. ಇಡೀ ದ್ವೀಪಕ್ಕೆ 1942ರ ಏಪ್ರಿಲ್ 15ರಂದು ಜಾರ್ಜ್ ಕ್ರಾಸ್ ಪದಕ ಘೋಷಿಸಲಾಯಿತು. ಇಂದಿಗೂ ಅದು ಮಾಲ್ಟಾದ ಧ್ವಜದ ಮೂಲೆಯಲ್ಲಿದೆ. ಪದಕದ ದಿನಗಳಲ್ಲೂ ಬಾಂಬ್ ಬೀಳುತ್ತಿತ್ತು, ಆಹಾರ ಅಳತೆಯದ್ದೇ ಆಗಿತ್ತು.

ಮರೆಗೋಡೆಗಳನ್ನು ಕಟ್ಟಿದವರಲ್ಲಿ, ದಾಳಿ ಮುಗಿಯುತ್ತಲೇ ಓಡುಪಟ್ಟಿಯ ಗುಂಡಿಗಳನ್ನು ಮುಚ್ಚಿದವರಲ್ಲಿ ಮಾಲ್ಟಾದ ಕೂಲಿಗಳು ಸೈನಿಕರ ಜೊತೆ ಜೊತೆಗೇ ಇದ್ದರು. ಅದು ಅವರು ಕರೆದು ತಂದ ಯುದ್ಧವಲ್ಲ. ಬ್ರಿಟಿಷ್ ವಸಾಹತಾಗಿದ್ದ ಕಾರಣಕ್ಕೆ ಅವರ ತಲೆಯ ಮೇಲೆ ಬಂದ ಯುದ್ಧ. ಸ್ಕ್ವಾಡ್ರನ್ನಿನ ಸೇವೆಯನ್ನು ಮೆಚ್ಚುವಾಗ ಈ ಮಾತು ಪಕ್ಕದಲ್ಲಿರಲಿ ಎಂಬುದಷ್ಟೇ ನನ್ನ ಕೋರಿಕೆ.

ಹಳೇ ಫಿಟ್ಟರ್

ಕೃಷ್ಣಾತೀರ ಅವರ ಮಾತು ಸರಿಯಾಗಿದೆ. 1942ರ ಆಗಸ್ಟ್‌ನಲ್ಲಿ ಮಾಲ್ಟಾಕ್ಕೆ ಸಾಮಾನು ಹೊತ್ತು ಹೊರಟ ನೌಕಾಸಾಲಿನ ವಿಷಯವನ್ನೂ ಅದಕ್ಕೆ ಜೋಡಿಸಬಹುದು. ಹೊರಟ 14 ವ್ಯಾಪಾರಿ ಹಡಗುಗಳಲ್ಲಿ ತಲುಪಿದ್ದು ಐದು. ಕೊನೆಯದಾಗಿ ಓಹಿಯೋ ಎಂಬ ತೈಲದ ಹಡಗು ಆಗಸ್ಟ್ 15ರಂದು, ಮಾಲ್ಟಾದವರ ಸಾಂತಾ ಮರೀಯಾ ಹಬ್ಬದ ದಿನ, ಎರಡೂ ಬದಿಗೆ ಯುದ್ಧನೌಕೆಗಳನ್ನು ಕಟ್ಟಿಕೊಂಡು ಮುಳುಗುವ ಹಾಗೆ ತೇಲುತ್ತ ಬಂದರು ಸೇರಿತು. ಅದರಲ್ಲಿದ್ದದ್ದು ಸೀಮೆಎಣ್ಣೆ ಮತ್ತು ಹಡಗು, ಯಂತ್ರಗಳ ಇಂಧನ. ಸ್ಪಿಟ್‌ಫೈರ್‌ಗಳ ಪೆಟ್ರೋಲ್ ಬಂದದ್ದು ಉಳಿದ ಹಡಗುಗಳಲ್ಲಿ, ಮತ್ತದೇ ಡಬ್ಬಗಳಲ್ಲಿ. ಅಂಥ ಡಬ್ಬಗಳನ್ನು ತುಂಬಿಕೊಂಡ ಹಡಗಿಗೆ ಬಾಂಬ್ ತಗುಲಿದರೆ ಏನಾಗುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ.

ಹೊಸ ಸದಸ್ಯ

ಎಲ್ಲರಿಗೂ ಧನ್ಯವಾದಗಳು. 249 ಮಾಲ್ಟಾದಲ್ಲಿ ಎಲ್ಲಿಯವರೆಗೆ ಇತ್ತು ಎಂಬುದನ್ನು ಯಾರಾದರೂ ತಿಳಿಸುವಿರಾ?

ವಿಮಾನಾಸಕ್ತ

1942ರ ಅಕ್ಟೋಬರ್ ಮಧ್ಯದಲ್ಲಿ ಜರ್ಮನರು ಕೊನೆಯ ಬಾರಿ ದೊಡ್ಡ ಪ್ರಮಾಣದಲ್ಲಿ ಮಾಲ್ಟಾದ ಮೇಲೆರಗಿ, ಸುಮಾರು ಒಂದು ವಾರದಲ್ಲಿ ಹಗಲು ದಾಳಿಯನ್ನು ಕೈಬಿಟ್ಟರು. ನವೆಂಬರ್‌ನಲ್ಲಿ ಸ್ಕ್ವಾಡ್ರನ್ ಹೊಸದಾಗಿ ತೆರೆದ ಕ್ರೆಂದಿ ನಿಲ್ದಾಣಕ್ಕೆ ಸ್ಥಳಾಂತರವಾಯಿತು. ಆ ಬಳಿಕ ಕೆಲಸದ ಸ್ವರೂಪವೇ ಬದಲಾಗಿ, ಅದರ ಸ್ಪಿಟ್‌ಫೈರ್‌ಗಳು ಸಿಸಿಲಿಯ ಮೇಲೆಯೇ ದಾಳಿಗೆ ಹೋಗತೊಡಗಿದವು. 1943ರ ಜುಲೈನಲ್ಲಿ ಮಿತ್ರಪಡೆಗಳು ಸಿಸಿಲಿಯಲ್ಲಿ ಇಳಿದಾಗ ಮಾಲ್ಟಾದ ಮರೆಗೋಡೆಗಳು ತುಂಬಿ ತುಳುಕುತ್ತಿದ್ದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ 249 ಇಟಲಿಯ ಗ್ರೊಟ್ಟಾಲ್ಯೆ ನಿಲ್ದಾಣಕ್ಕೆ ಹೊರಟುಹೋಯಿತು. ಟಕಾಲಿಯ ಬಯಲಿನಲ್ಲಿ ಈಗ ಫುಟ್‌ಬಾಲ್ ಕ್ರೀಡಾಂಗಣ, ಕರಕುಶಲ ಅಂಗಡಿಗಳು ಮತ್ತು ಒಂದು ವಿಮಾನ ವಸ್ತುಸಂಗ್ರಹಾಲಯವಿದ್ದು, ಅಲ್ಲಿ ಒಂದು ಸ್ಪಿಟ್‌ಫೈರ್ ಮತ್ತು ಒಂದು ಹರಿಕೇನ್ ನೋಡಲು ಸಿಗುತ್ತವೆ.